ಕರಿ ಕಾರಿನ ಗೆರೆಗಳು

ಕರಿ ಬಣ್ಣದ ಕಾರು ಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ರಾಯಚೂರಿನಂಥ ಊರಿನಲ್ಲಿ, ಈ ಬಿಸಿಲಿನಲ್ಲಿ, ಈ ಧೂಳಿನಲ್ಲಿ ಕರಿ ಕಾರು! ಬಿಳಿ ಕಾರಾದರೆ ಮೈತುಂಬ ಗೀರು ಬಿದ್ದರೂ ಯಾರ ಕಣ್ಣಿಗೂ ಬೀಳುವುದಿಲ್ಲ. ಕರಿ ಕಾರಿನ ಮೇಲೆ ಬೆಕ್ಕು ಮಲಗಿ ಎದ್ದು ಹೋದರೂ ಮರುದಿನದ ಬಿಸಿಲು ಅದನ್ನು ಓಣಿಗೆಲ್ಲ ತೋರಿಸುತ್ತದೆ. ಆದರೂ ಜನ ಕರಿಯದನ್ನೇ ಕೊಳ್ಳುತ್ತಾರೆ, ಆಮೇಲೆ ನಮ್ಮ ಶೆಡ್ಡಿಗೆ ಬಂದು ಗೋಳು ಹೊಯ್ದುಕೊಳ್ಳುತ್ತಾರೆ. ಅವರಿಂದಲೇ ನಮ್ಮ ಹೊಟ್ಟೆ ತುಂಬುತ್ತದೆ, ಹಾಗಾಗಿ ಜಾಸ್ತಿ ಬೈಯುವಂತೆಯೂ ಇಲ್ಲ.

ಮಾನ್ವಿ ರಸ್ತೆಯಲ್ಲಿ ನಮ್ಮದೊಂದು ತಗಡಿನ ಶೆಡ್ಡು. ಅಲ್ಲಿ ನಾನು, ನನ್ನ ಗಂಡ ಬೀರೇಶ, ಇಬ್ಬರೇ. ಕಾರಿನ ಬಣ್ಣದ ಮೇಲೆ ಬಿದ್ದ ಗೆರೆ, ಕಲೆ ತೆಗೆದು ಹೊಳಪು ಕೊಡುವುದು ನಮ್ಮ ಕೆಲಸ. ಎದುರಿಗೆ ಗಂಡನನ್ನು ‘ರೀ’ ಅನ್ನುತ್ತೇನೆ, ಹಿಂದಿನಿಂದ ‘ಅವನು’ ಅನ್ನುತ್ತೇನೆ. ಅದು ಅವನಿಗೂ ಗೊತ್ತು.

ಇಬ್ಬರಿಗೂ ಒಂದೊಂದು ಪಾಲಿಶ್ ಮಷಿನ್ ಇದೆ. ಅವನದು ರೋಟರಿ. ಅದು ಬೀಸುವ ಕಲ್ಲಿನ ಹಾಗೆ ಒಂದೇ ಅಚ್ಚಿನ ಮೇಲೆ ಗರಗರ ತಿರುಗುತ್ತದೆ. ಎಂಥ ಆಳದ ಗೆರೆಯಾದರೂ ಬೇಗ ಕಿತ್ತು ಹಾಕುತ್ತದೆ, ಆದರೆ ಕೈ ಒಂದು ಕಡೆ ನಿಂತಿತೋ ಬಣ್ಣ ಕಾದು ಸುಟ್ಟೇಹೋಗುತ್ತದೆ. ನನ್ನದು ಆರ್ಬಿಟಲ್. ಅದು ತಿರುಗುತ್ತಲೇ ಜಾಗ ಬದಲಿಸುತ್ತ ಅಲುಗಾಡಿಕೊಂಡು ಹೋಗುತ್ತದೆ. ಬಣ್ಣ ಅಷ್ಟು ಕಾಯುವುದಿಲ್ಲ, ಸಣ್ಣಪುಟ್ಟ ತಪ್ಪು ಮಾಡಿದರೆ ನಡೆಯುತ್ತದೆ. ಆದರೆ ರೋಟರಿ ಒಂದು ತಾಸಿನಲ್ಲಿ ಮುಗಿಸುವುದಕ್ಕೆ ಇದಕ್ಕೆ ಅರ್ಧ ದಿನ ಬೇಕು, ಸಂಜೆಗೆ ಕೈಯೆಲ್ಲ ಜುಮುಜುಮು ಅನ್ನುತ್ತಿರುತ್ತದೆ. ಮದುವೆಯಾದಾಗಿನಿಂದ ನಾವು ಜಗಳವಾಡಿದ್ದು ಅತ್ತೆಯ ವಿಷಯಕ್ಕಲ್ಲ, ನಾದಿನಿಯ ವಿಷಯಕ್ಕಲ್ಲ, ಈ ಎರಡು ಮಷಿನುಗಳ ವಿಷಯಕ್ಕೆ. ರೋಟರಿಯಲ್ಲಿ ಇನ್ನೊಂದು ಕಳ್ಳತನವೂ ಇದೆ. ಶೆಡ್ಡಿನ ನೆರಳಿನಲ್ಲಿ ಕನ್ನಡಿಯಂತೆ ಕಂಡ ಬಾನೆಟ್ಟು ಹೊರಗೆ ಬಿಸಿಲಿಗೆ ಬಂದ ಕೂಡಲೇ ಅಲೆ ಅಲೆಯಾಗಿ ನೆರಳು ತೋರಿಸುತ್ತದೆ. ಆ ನೆರಳನ್ನು ತೆಗೆಯಲು ಕೊನೆಗೆ ನನ್ನ ಆರ್ಬಿಟಲ್ಲೇ ಬೇಕು. ಇದನ್ನು ನಾನು ವಾರಕ್ಕೊಮ್ಮೆಯಾದರೂ ಬೀರೇಶನಿಗೆ ನೆನಪಿಸುತ್ತೇನೆ.

ಹೀಗಿರುವಾಗ ದೇವದುರ್ಗದ ಪ್ರಭುರಾಜನ ಕರಿ ಕಾರು ಮತ್ತೆ ಬಂತು. ಅವನಿಗೆ ಅಲ್ಲಿ ಬೀಜ, ಗೊಬ್ಬರದ ಅಂಗಡಿ ಇದೆ. ಕಾರು ಕೊಂಡು ಇನ್ನೂ ಬಹಳ ದಿನವಾಗಿಲ್ಲ, ಆಗಲೇ ನಮ್ಮಲ್ಲಿಗೆ ಇದು ಮೂರನೆಯ ಸಲ. ಅವನು ಕಾರಿನಿಂದ ಇಳಿಯುವ ಮೊದಲೇ ಬೈಗುಳ ಇಳಿಯಿತು.

“ಏನ್ರೀ ಬೀರೇಶ, ಎಂಥಾ ಪಾಲಿಶ್ ಮಾಡ್ತೀರಿ ನೀವು? ನೋಡ್ರಿಲ್ಲಿ, ಮೈತುಂಬ ಗೆರಿ! ಗೆರಿ ತೆಗಿಯಾಕ ಕೊಟ್ರ ನಿಮ್ಮ ಮಷಿನ್ ಹೊಸಾ ಗೆರಿ ಹಾಕಿ ಕಳಸ್ತದೇನ್ರಿ?”

ರಸ್ತೆಯಾಚೆಯ ಪಂಕ್ಚರ್ ಅಂಗಡಿಯವನು ಕೂಡ ತಲೆಯೆತ್ತಿ ನೋಡುವಷ್ಟು ಜೋರಾಗಿ ಕೂಗಿದ. ನನಗೆ ಮೈ ಉರಿದುಹೋಯಿತು. ಆದರೆ ಬಿಸಿಲಿನಲ್ಲಿ ಬಾನೆಟ್ಟಿನ ಮೇಲೆ ಕಣ್ಣು ಹಾಯಿಸಿದರೆ ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಸಣ್ಣ ಸಣ್ಣ ಗೀರುಗಳು ಒಂದರೊಳಗೊಂದು ಹೆಣೆದುಕೊಂಡು ಕರಿ ಬಣ್ಣವೇ ಬೂದು ಬೂದಾಗಿ ಕಾಣುತ್ತಿತ್ತು.

ಹಿಂದಿನ ಸೀಟಿನಿಂದ ಒಬ್ಬ ಅಜ್ಜ ನಿಧಾನವಾಗಿ ಇಳಿದ. ತಲೆಗೆ ಪಟಗ, ಮೊಳಕಾಲು ದಾಟಿದ ಧೋತರ, ಆ ಬಿಸಿಲಿನಲ್ಲೂ ಹೆಗಲ ಮೇಲೆ ಕರಿ ಕಂಬಳಿ. ನೋಡಿದ ಕೂಡಲೇ ನಮ್ಮವರೇ, ಕುರುಬರು, ಎಂದು ಗೊತ್ತಾಯಿತು.

“ನಮ್ಮಪ್ಪ, ಮುದುಕಪ್ಪ ಅಂತ,” ಎಂದ ಪ್ರಭುರಾಜ. ಅವನ ದನಿ ತಟ್ಟನೆ ತಗ್ಗಿತು. “ಈಗೀಗ ಗಾಡಿ ಎಲ್ಲಿಗೆ ಹೋಗ್ತದೋ ತಾನೂ ಅಲ್ಲಿಗೆ ಬರ್ತೀನಿ ಅಂತಾನ. ಇಲ್ಲೇ ನೆಳ್ಳಾಗ ಕುಂತಿರ್ಲಿ. ನನಗ ಗಂಜ್ ಮಾರ್ಕೆಟ್ಟಿನಾಗ ಕೆಲಸ ಅದ, ಮಧ್ಯಾಹ್ನ ದಾಟಿ ಬರ್ತೀನಿ.”

ನಾನು ಬಣ್ಣದ ದಪ್ಪ ಅಳೆಯುವ ಮೀಟರು ಇಟ್ಟು ನೋಡಿದೆ. ಪಾಲಿಶ್ ಅಂದರೆ ಜನ ಏನೋ ಹಚ್ಚುತ್ತಾರೆ ಅಂದುಕೊಳ್ಳುತ್ತಾರೆ. ಹಚ್ಚುವುದಲ್ಲ, ತೇಯುವುದು. ಬಣ್ಣದ ಮೇಲಿರುವ ಗಾಜಿನಂಥ ಪದರವನ್ನು ಗೆರೆಯ ಆಳದವರೆಗೆ ತೇಯ್ದರೆ ಗೆರೆ ಹೋಗುತ್ತದೆ. ಈ ಕಾರಿನ ಪದರ ಆಗಲೇ ತೆಳ್ಳಗಾಗಿತ್ತು.

“ಅಣ್ಣಾರ, ಇದೇ ಕಡಿ ಸಲ ನೋಡ್ರಿ,” ಎಂದೆ. “ಇನ್ನೊಮ್ಮಿ ತಂದ್ರ ರೋಟರಿನೂ ಹಚ್ಚಂಗಿಲ್ಲ, ಆರ್ಬಿಟಲ್ಲೂ ಹಚ್ಚಂಗಿಲ್ಲ. ತೇಯಾಕ ಮ್ಯಾಲೆ ಏನೂ ಉಳಿಯಂಗಿಲ್ಲ.”

“ಆತ್ರೀ, ಮಾಡ್ರಿ,” ಎಂದು ಹೇಳಿ ಆಟೊ ಹತ್ತಿ ಹೊರಟುಹೋದ. ನಾನು ಹೇಳಿದ್ದು ಅವನ ಕಿವಿಗೆ ಬಿತ್ತೋ ಇಲ್ಲವೋ ಎಂದು ಆಗ ಅನಿಸಿತು.

ಅವನು ತಿರುವು ದಾಟುವುದರೊಳಗೆ ನಾನು ಗಂಡನ ಕಡೆ ತಿರುಗಿದೆ. “ನಾ ಬಡಕೊಂಡೆ ಇಲ್ಲೇನ್ರಿ? ಕರಿ ಗಾಡಿಗೆ ರೋಟರಿ ಬ್ಯಾಡ, ಬ್ಯಾಡ ಅಂತ? ಲಗೂ ಆಗ್ತದ, ಲಗೂ ಆಗ್ತದ ಅಂತ ಕುಣದ್ರಿ. ಈಗ ರಸ್ತೆದಾಗ ನಿಂತು ಬೈಸ್ಕೊಳ್ರಿ.”

“ಇವು ರೋಟರಿ ಗೆರಿ ಅಲ್ಲ ನೇತ್ರಾ,” ಎಂದ ಬೀರೇಶ. “ಜರಾ ಸರಿಯಾಗಿ ನೋಡು.”

“ನಿಮ್ಮ ಗೆರಿ ಅಲ್ಲಂದ್ರ ನನ್ನ ಗೆರಿ ಏನು?”

ಅವನು ಅಜ್ಜನ ಕಡೆ ತಿರುಗಿ, “ನೋಡ್ರಿ ಯಪ್ಪಾ, ಈಕಿ ಕೈಯಾಗ ಆರ್ಬಿಟಲ್ ಹಿಡಿತಾಳ, ಬಾಯಾಗ ಮಾತ್ರ ರೋಟರಿ ಓಡಸ್ತಾಳ,” ಎಂದ. ಅಜ್ಜ ಬೊಚ್ಚುಬಾಯಿ ಬಿಟ್ಟು ನಕ್ಕ.

ಅಜ್ಜ ಬೆಂಚಿನ ಮೇಲೆ ಕುಳಿತು ಎಲ್ಲವನ್ನೂ ಗಮನಿಸುತ್ತಿದ್ದ. ಎರಡು ಮಷಿನುಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದ. ನಾನೂ ಬೀರೇಶನೂ ಒಟ್ಟಿಗೇ ಬಾಯಿ ತೆರೆದೆವು, ಇಬ್ಬರೂ ಬೇರೆ ಬೇರೆ ಉತ್ತರ ಕೊಟ್ಟೆವು. ಅಜ್ಜ ಇಬ್ಬರದನ್ನೂ ತಲೆಯಾಡಿಸುತ್ತ ಕೇಳಿದ.

“ಕುರಿ ಉಣ್ಣೆ ಕತ್ತರಸೋದ್ರಾಗೂ ಹಿಂಗೇ ಅದ,” ಎಂದ. “ನಮ್ಮ ಕುರಿಹಟ್ಟ್ಯಾಗ ಒಬ್ಬಾತ ಇದ್ದ, ಒಂದು ಕುರಿ ಹಿಡದ್ರ ಬೀಡಿ ಸೇದಿ ಮುಗಸೋದ್ರಾಗ ಕತ್ತರಸಿ ಬಿಡ್ತಿದ್ದ. ಆದ್ರ ಕುರಿ ಮೈಮ್ಯಾಗ ಒಂದಿಲ್ಲೊಂದು ಗಾಯ ಇರೋದು. ನಾ ನಿಧಾನ ಮಾಡ್ತಿದ್ದೆ. ನನಗ ಎಲ್ಲಾರೂ ಬೈಯೋರು, ಕುರಿ ಮಾತ್ರ ಬೈತಿರಲಿಲ್ಲ.”

“ಈಗ ಕುರಿ ಅದಾವೇನ್ರಿ ಯಪ್ಪಾ?” ಎಂದು ಕೇಳಿದೆ.

“ಎಲ್ಲಿ ಯವ್ವಾ? ಮೊಳಕಾಲು ಕೇಳಲಿಲ್ಲ, ಮಾರಿದ್ವಿ. ಮಗ ದೇವದುರ್ಗಕ್ಕ ಕರಕೊಂಡು ಬಂದ. ಛಲೋ ನೋಡ್ಕೋತಾನ, ಸೊಸಿನೂ ಛಲೋ ಅದಾಳ, ಒಂದು ಕಡ್ಡಿ ಎತ್ತಿಡಾಕ ಬಿಡಂಗಿಲ್ಲ. ಅದೇ ತ್ರಾಸ. ಮುಂಜಾನಿ ಎದ್ದು ಈ ಗಾಡಿ ಮೈ ಒರಸೋದೊಂದೇ ನನ್ನ ಕೆಲಸ. ಅದು ಮುಗೀತಂದ್ರ ನನ್ನ ದಿನಾನೇ ಮುಗೀತು. ಅದಕ್ಕ ಸಾವಕಾಶ ಒರಸ್ತೀನಿ.”

ಅಷ್ಟು ಹೊತ್ತಿಗೆ ಕಾರಿಗೆ ನೀರು ಹೊಡೆಯುತ್ತಿದ್ದೆ, ಅರ್ಧ ಕಿವಿಯಲ್ಲಿ ಕೇಳಿಸಿಕೊಂಡೆ. ಆಗಲೇ ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಕಾರು ತೊಳೆದು ಒಣಗಿಸಿ ಒಳಗೆ ತಂದು ಟಾರ್ಚು ಹಿಡಿದು ನೋಡತೊಡಗಿದೆ. ರೋಟರಿ ಬಿಟ್ಟುಹೋಗುವ ನೆರಳು ಒಂದೇ ಅಳತೆಯಲ್ಲಿ, ಒಂದರ ಪಕ್ಕ ಒಂದು ಬೀಳುತ್ತದೆ. ಇಲ್ಲಿದ್ದ ಗೀರುಗಳು ಹಾಗಿರಲಿಲ್ಲ, ಸಣ್ಣಗೆ, ಗುಂಡುಗುಂಡಗೆ, ಮನಸ್ಸಿಗೆ ಬಂದಂತೆ ಓಡಾಡಿದ್ದವು. ಬಾಗಿಲುಗಳ ಮೇಲೆ ಇದ್ದವು, ಬಾನೆಟ್ಟಿನ ಮೇಲೆ ಇದ್ದವು. ಸ್ಟೂಲು ಹತ್ತಿ ಮೇಲೆ ನೋಡಿದರೆ ಟಾಪಿನ ಅಂಚಿನಲ್ಲಿ ಮಾತ್ರ ಒಂದಿಷ್ಟಿದ್ದು, ನಟ್ಟನಡುವೆ ಒಂದೂ ಇರಲಿಲ್ಲ. ಕಳೆದ ಸಲ ಟಾಪಿಗೂ ಬೀರೇಶನೇ ರೋಟರಿ ಹಚ್ಚಿದ್ದ. ತಪ್ಪು ಮಷಿನಿನದಾಗಿದ್ದರೆ ಟಾಪು ಹೇಗೆ ತಪ್ಪಿಸಿಕೊಳ್ಳುತ್ತಿತ್ತು?

ಗೆರೆ ಬಿದ್ದಿದ್ದು ಯಾರದೋ ಕೈಯಿಂದ, ಆ ಕೈ ಟಾಪಿನ ನಡುವಿಗೆ ನಿಲುಕದ ಗಿಡ್ಡ ಮನುಷ್ಯನದು. ಅಷ್ಟು ಮಾತ್ರ ತಿಳಿಯಿತು. ‘ತಪ್ಪಾಯಿತು’ ಎನ್ನುವ ಮಾತು ನನ್ನ ಬಾಯಿಂದ ಅಷ್ಟು ಸುಲಭಕ್ಕೆ ಹೊರಡುವುದಿಲ್ಲ. “ಚಾ ಮಾಡ್ಲೇನ್ರಿ?” ಎಂದು ಗಂಡನನ್ನು ಕೇಳಿದೆ. ಅವನಿಗೆ ಅರ್ಥವಾಯಿತು.

“ಮೊದಲ ಬಾನೆಟ್ ಮುಗಸು,” ಎಂದು ಹೇಳಿ ತನ್ನ ರೋಟರಿಯನ್ನು ತಾನೇ ಗೋಡೆಗೆ ನೇತುಹಾಕಿದ. “ಪದರ ತೆಳ್ಳಗದ. ಇವತ್ತು ಪೂರಾ ನಿನ್ನ ಮಷಿನ್ನಾಗೇ ಆಗ್ಲಿ. ಆಳದ ಗೆರಿ ಉಳದ್ರ ಉಳೀಲಿ.” ಅದನ್ನು ಹೇಳಲು ಅವನಿಗೆ ಎಷ್ಟು ಕಷ್ಟವಾಗಿರಬೇಕು ಎಂದು ನನಗೆ ಗೊತ್ತು, ಹಾಗಾಗಿ ಚುಚ್ಚಲಿಲ್ಲ.

ಅಂಚುಗಳಿಗೆ ಟೇಪು ಅಂಟಿಸಿ, ಮೆತ್ತನೆಯ ಪ್ಯಾಡು ಹಾಕಿ, ಬಾನೆಟ್ಟನ್ನು ಗೇಣು ಗೇಣಾಗಿ ಮಾಡುತ್ತ ಹೋದೆ. ಬೀರೇಶ ಹಿಂದಿನಿಂದ ಒರೆಸಿ ಟಾರ್ಚು ಹಿಡಿಯುತ್ತಿದ್ದ. ಬೂದು ಸರಿದು ಒಳಗಿನ ಕಪ್ಪು ಮೇಲೆ ಬಂತು. ತಗಡಿನ ಮಾಡು, ಮಾಡಿನಲ್ಲಿದ್ದ ತೂತು, ತೂತಿನಿಂದ ಬಿದ್ದ ಬೆಳಕು, ಎಲ್ಲವೂ ಬಾನೆಟ್ಟಿನಲ್ಲಿ ಕಾಣತೊಡಗಿದವು. ಇಂಥ ಹೊತ್ತಿನಲ್ಲಿ ನನಗೆ ಈ ಕೆಲಸದ ಮೇಲೆ ಬಹಳ ಪ್ರೀತಿ ಬರುತ್ತದೆ. ಆಮೇಲೆ ಚಹಾ ಮಾಡಲು ಮೂಲೆಯ ಸ್ಟೋವಿನ ಕಡೆ ಹೋದೆ, ಬೀರೇಶ ಪ್ಯಾಡು ತೊಳೆಯಲು ಹಿಂದೆ ಹೋದ.

ಚಹಾದ ಲೋಟ ಹಿಡಿದು ತಿರುಗಿದರೆ ಅಜ್ಜ ಬಾನೆಟ್ಟಿನ ಮುಂದೆ ನಿಂತಿದ್ದ. ಹೆಗಲ ಮೇಲಿನ ಕಂಬಳಿಯ ಚುಂಗನ್ನು ಕೈಗೆ ಸುತ್ತಿಕೊಂಡು, ಬಾಯಲ್ಲಿ ಹೂ ಹೂ ಎಂದು ಕುರಿಗೆ ಮಾಡುವ ಹಾಗೆ ಸದ್ದು ಮಾಡುತ್ತ, ಗುಂಡಗೆ ಗುಂಡಗೆ ಒರೆಸುತ್ತಿದ್ದ.

“ಯಪ್ಪಾ! ಬಿಡ್ರಿ ಅದನ್ನ!”

ಅಜ್ಜ ಬೆಚ್ಚಿ ಕೈ ಹಿಂದೆಗೆದುಕೊಂಡ. “ಧೂಳು ಕುಂತಿತ್ತು ಯವ್ವಾ,” ಎಂದ.

“ದಿನಾ ಇದರಲೇ ಒರಸ್ತೀರೇನ್ರಿ?”

“ಮತ್ತ ಯಾತರಲೇ ಒರಸ್ಲಿ? ಗಾಡಿ ತಂದ ದಿನ ಅರಿಷಿಣ ಭಂಡಾರ ಹಚ್ಚಿ ಮೊದಲ ಕಂಬಳಿನೇ ಸೋಕಿಸೀವಿ. ದೇವರನ್ನ ಕುಂಡ್ರಸೋ ಕಂಬಳಿ ಇದು. ಇದಕ್ಕಿಂತ ಮಡಿ ಅರಿವಿ ಯಾವುದದ?”

ನಾನು ಕುರುಬರ ಮನೆಯಲ್ಲೇ ಹುಟ್ಟಿದವಳು. ಕಂಬಳಿಗೆ ಮೈಲಿಗೆಯಿಲ್ಲ ಎಂದು ಕೇಳುತ್ತಲೇ ಬೆಳೆದಿದ್ದೇನೆ. ಮೈಲಿಗೆಯಿಲ್ಲದ್ದನ್ನು ಯಾರು ತೊಳೆಯುತ್ತಾರೆ? ನಮ್ಮಪ್ಪನೂ ಕಂಬಳಿಯನ್ನು ಎಂದೂ ನೀರಿಗೆ ಹಾಕಿದ್ದಿಲ್ಲ, ಜಾಡಿಸಿ ಬಿಸಿಲಿಗೆ ಹಾಕುತ್ತಿದ್ದ, ಅಷ್ಟೇ. ಅಜ್ಜನ ಕಂಬಳಿಯೂ ಹಾಗೆಯೇ ಹೊಲ, ಅಡವಿ, ಹಳ್ಳ ಎಲ್ಲ ಸುತ್ತಿ ಬಂದದ್ದು. ಒರಟು ಎಳೆಗಳ ನಡುವೆ ಎಷ್ಟು ವರ್ಷಗಳ ಮಣ್ಣು, ಉಸುಕು ಕುಳಿತಿತ್ತೋ. ಪ್ರತಿದಿನ ಮುಂಜಾನೆ ಅದನ್ನು ಆ ಕರಿ ಬಣ್ಣದ ಮೇಲೆ ಉಜ್ಜುತ್ತಿದ್ದ.

ಹಿಂದಿನಿಂದ ಬಂದ ಬೀರೇಶ ಎಲ್ಲವನ್ನೂ ಒಂದೇ ನೋಟಕ್ಕೆ ತಿಳಿದುಕೊಂಡ. ನನ್ನ ಕಡೆ ನೋಡಿ ಬೇಡ ಎಂದು ಕಣ್ಸನ್ನೆ ಮಾಡಿದ. ಆದರೆ ಯಾಕೆ ಬೇಡ? ಇದು ಕಡೆಯ ಸಲ. ಇವತ್ತು ಹೇಳದಿದ್ದರೆ ನಾಳೆ ಮುಂಜಾನೆ ಮತ್ತೆ ಅದೇ. ನಾನು ಮಾಡಿದ್ದು ಸರಿ ಎಂದೇ ನನಗೆ ಆಗ ಅನಿಸಿತ್ತು.

ಕೈ ಪಳಗಿಸಲು ನಾವೊಂದು ಹಳೆಯ ಕರಿ ಬಾನೆಟ್ಟು ಇಟ್ಟುಕೊಂಡಿದ್ದೇವೆ. ಅದನ್ನು ತಂದು ಬೆಂಚಿನ ಮೇಲಿಟ್ಟೆ. ಅರ್ಧ ಭಾಗವನ್ನು ನಮ್ಮ ಮೆತ್ತನೆಯ ಬಟ್ಟೆಯಿಂದ ಒರೆಸಿದೆ. ಇನ್ನರ್ಧವನ್ನು ಅಜ್ಜನ ಕೈಯಿಂದಲೇ ಕಂಬಳಿಯಲ್ಲಿ ಒರೆಸಿಸಿದೆ. ಆಮೇಲೆ ಟಾರ್ಚು ಹಿಡಿದೆ.

ಅಜ್ಜ ಬಗ್ಗಿ ನೋಡಿದ. ಬೆರಳಿನಿಂದ ಸವರಿ ನೋಡಿದ. ಮತ್ತೆ ಕಾರಿನ ಬಾನೆಟ್ಟಿನ ಹತ್ತಿರ ಹೋಗಿ ತಾನು ಈಗಷ್ಟೇ ಒರೆಸಿದ ಜಾಗವನ್ನು ನೋಡಿದ.

“ಕಂಬಳಿ ಗೀರ್ತದ?” ಎಂದು ಕೇಳಿದ.

“ಕಂಬಳಿ ಅಲ್ರಿ ಯಪ್ಪಾ. ಅದರಾಗ ಕುಂತ ಎರಿಮಣ್ಣು.”

“ಅಂದ್ರ ಇವೆಲ್ಲ ನಾ ಮಾಡಿದ್ದು.”

ನಾನು ಹೂಂ ಎಂದೆ.

“ನನ್ನ ಮಗ ನಿಮಗ ಬೈಯಾಕತ್ತಿದ್ದ. ನಾ ಬಾಜೂಕ ಕುಂತು ಕೇಳಾಕತ್ತಿದ್ದೆ,” ಎಂದ. ಆಮೇಲೆ ಬೆಂಚಿಗೆ ಹೋಗಿ ಕುಳಿತ. ಕಂಬಳಿಯನ್ನು ಹೆಗಲಿಗೆ ಹಾಕಿಕೊಳ್ಳದೆ ಮಡಚಿ ತೊಡೆಯ ಮೇಲೆ ಇಟ್ಟುಕೊಂಡ. ಚಹಾ ಕೊಟ್ಟರೆ ಬೇಡ ಎಂದ. ನಾನು ನಮ್ಮ ಮೆತ್ತನೆಯ ಬಟ್ಟೆ ಒಂದನ್ನು ಕೈಗಿಟ್ಟು, “ಇನ್ನ ಮ್ಯಾಲೆ ಇದರಲೇ ಒರಸ್ರಿ,” ಎಂದೆ. ಅಜ್ಜ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಬೆಂಚಿನ ಮೇಲೆ ಪಕ್ಕಕ್ಕೆ ಇಟ್ಟ.

ಬಾನೆಟ್ಟನ್ನು ಮತ್ತೊಮ್ಮೆ ಮಾಡಿದೆ. ಬಾಗಿಲುಗಳು, ಡಿಕ್ಕಿ, ಒಂದೊಂದೇ ಮುಗಿಸಿದೆವು.   

ಪ್ರಭುರಾಜ ಗಂಜಿನಿಂದ ಮರಳಿದಾಗ ಕಾರು ಹೊರಗೆ ಬಿಸಿಲಿನಲ್ಲಿ ನಿಂತಿತ್ತು. ಬಾಗಿಲ ಮೇಲಿನ ಒಂದು ಆಳದ ಗೀರು ಬಿಟ್ಟರೆ ಹುಡುಕಿದರೂ ಗೆರೆಯಿರಲಿಲ್ಲ. ನನಗೆ ಹೆಮ್ಮೆ ತಡೆಯಲಾಗಲಿಲ್ಲ. ಅವನನ್ನು ಶೆಡ್ಡಿನ ಪಕ್ಕಕ್ಕೆ ಕರೆದು, ಅಜ್ಜನಿಗೆ ಕೇಳಿಸದ ಹಾಗೆ ಎಲ್ಲವನ್ನೂ ಹೇಳಿದೆ. “ನಮ್ಮ ಮಷಿನಿನ ತಪ್ಪಲ್ರಿ ಅಣ್ಣಾರ. ಅಜ್ಜಗ ನಾನೇ ತೋರ್ಸಿ ಹೇಳೀನಿ. ಇನ್ನ ಗೆರಿ ಬೀಳಂಗಿಲ್ಲ,” ಎಂದೆ.

ಅವನ ಮುಖ ಬಿಳಿಚಿಕೊಂಡಿತು. “ಯಾಕ ಹೇಳಿದ್ರಿ ಅಕ್ಕಾರ?” ಎಂದ.

“ಅಂದ್ರ?”

“ನನಗ ಗೊತ್ತಿತ್ರೀ. ದಿನಾ ಕಿಟಕ್ಯಾಗಿಂದ ನೋಡ್ತೀನಿ. ಒಮ್ಮಿ ಮೆತ್ತಗಿನ ಅರಿವಿ ತಂದು ಕೊಟ್ಟೆ, ಕಾರಣ ಹೇಳಾಕ ಬಾಯಿ ಬರಲಿಲ್ಲ. ಕಂಬಳಿ ವಾಸನಿಗೆ ಮಗ ನಾಚ್ಕೋತಾನ ಅಂತ ತಿಳಕೊಂಡ ನಮ್ಮಪ್ಪ. ಕಂಬಳಿ ಮಡಚಿ ಒಳಗಿಟ್ಟು ಕಟ್ಟಿ ಮ್ಯಾಲೆ ಸುಮ್ಮನ ಕುಂತುಬಿಟ್ಟ. ಊಟ ಸೈತ ಸರಿಯಾಗಿ ಮಾಡಲಿಲ್ಲ. ಕಡೀಕ ನಾನೇ ಆ ಅರಿವಿ ಮುಚ್ಚಿಟ್ಟು, ಗಾಡಿ ಯಾಕೋ ಹೊಲಸಾಗ್ಯಾದ ಯಪ್ಪಾ, ಒರಸು ಅಂದೆ. ಗೆರಿ ಯಾಕ ಬೀಳ್ತಾವ ಅಂತ ಅವ ಕೇಳ್ತಾನಲ್ರಿ? ಪಾಲಿಶ್ ಮಾಡೋರು ಛಲೋ ಮಾಡಂಗಿಲ್ಲ ಅಂತ ಹೇಳ್ತಿದ್ದೆ. ಮುಂಜಾನಿ ನಿಮಗ ಜೋರಾಗಿ ಬೈದದ್ದೂ ಅವಗ ಕೇಳ್ಲಿ ಅಂತಾನೇ. ತಪ್ಪು ತಿಳ್ಕೋಬ್ಯಾಡ್ರಿ.”

 ಆಗಷ್ಟೇ ಪಟ್ಟ ಹೆಮ್ಮೆಯೆಲ್ಲ ನಾಚಿಕೆಯಾಗಿ ಮುಖಕ್ಕೆ ಬಂತು. ಅವನು ಇಷ್ಟು ದಿನ ಜೋಪಾನ ಮಾಡಿಕೊಂಡು ಬಂದದ್ದನ್ನು ನಾನು ಒಂದು ಟಾರ್ಚು ಹಿಡಿದು ಮುಗಿಸಿಬಿಟ್ಟಿದ್ದೆ. ಬೀರೇಶನ ಕಡೆ ನೋಡಲು ಧೈರ್ಯವಾಗಲಿಲ್ಲ.

ಅಜ್ಜ ಎದ್ದು ಕಾರಿನ ಹತ್ತಿರ ಬಂದ. ಕಂಬಳಿಯನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದ. ಬಾನೆಟ್ಟನ್ನು ದೂರದಿಂದಲೇ ನೋಡಿದ.

“ಛಲೋ ಆಗ್ಯಾದ,” ಎಂದ. ಆಮೇಲೆ ಹಿಂದಿನ ಬಾಗಿಲ ಮುಂದೆ ನಿಂತು ಮಗನಿಗೆ ಹೇಳಿದ, “ಪ್ರಭು, ಬಾಗಿಲಾ ನೀನೇ ತೆಗಿ. ನನ್ನ ಕೈ ಬ್ಯಾಡ.”

ಪ್ರಭುರಾಜ ಬಾಗಿಲು ತೆಗೆಯಲಿಲ್ಲ. ಅಪ್ಪನ ಕೈಯಿಂದ ಕಂಬಳಿ ತೆಗೆದುಕೊಂಡ, ಮಡಿಕೆ ಬಿಚ್ಚಿದ, ಚುಂಗನ್ನು ಕೈಗೆ ಸುತ್ತಿಕೊಂಡು ಹೋಗಿ ಬಾನೆಟ್ಟಿನ ನಡುವೆ ಇಟ್ಟು ಒರೆಸತೊಡಗಿದ. ನಾನು ‘ಅಯ್ಯೋ’ ಎಂದುಬಿಟ್ಟೆ. ಬೀರೇಶ ನನ್ನ ರಟ್ಟೆ ಹಿಡಿದುಕೊಂಡ.

“ಏ ಹುಚ್ಚಾ, ಗೆರಿ ಬೀಳ್ತಾವ! ಬಿಡು!” ಎಂದು ಅಜ್ಜ ಗದರಿದ.

“ಬೀಳ್ಲಿ ಬಿಡು.”

“ಇದು ಕಡಿ ಸಲ ಅಂತ ಹೇಳ್ಯಾಳ ಆಯವ್ವ. ಮತ್ತ ತೆಗಿಯಾಕ ಬರಂಗಿಲ್ಲಂತ.”

“ಗೊತ್ತದ ಯಪ್ಪಾ. ನನಗ ಮುಂಜಾನಿನೇ ಹೇಳ್ಯಾರ.” ಪ್ರಭುರಾಜ ಒರೆಸುವುದನ್ನು ನಿಲ್ಲಿಸಲಿಲ್ಲ. ಅವನ ಕಣ್ಣುಗಳು ತುಂಬಿದ್ದವು. “ನೀ ಒರಸದಿದ್ರ ನನಗ ಈ ಗಾಡಿ ಯಾಕ ಬೇಕು? ಹಿಡಿ, ಉಳದದ್ದು ನೀ ಒರಸು. ನನಗ ನಿನ್ನಂಗ ಬರಂಗಿಲ್ಲ.”

ಅಜ್ಜ ಕಂಬಳಿ ಹಿಡಿದುಕೊಂಡ. ಮಗನನ್ನು ನೋಡಿದ. ಆಮೇಲೆ ನನ್ನ ಕಡೆ ನೋಡಿದ, ಕೆಲಸ ನಿಮ್ಮದು, ಏನು ಮಾಡಲಿ ಹೇಳು ಅನ್ನುವ ಹಾಗೆ. ಬಿಸಿಲಿನಲ್ಲಿ ಬಾನೆಟ್ಟಿನ ನಡುವೆ ಆಗಲೇ ಸಣ್ಣ ಸಣ್ಣ ಗೆರೆಗಳು ಮೂಡಿದ್ದವು.

ನಾನು ಹತ್ತಿರ ಹೋದೆ. ಎಡಗಡೆಯ ಬಾಗಿಲನ್ನು ತೋರಿಸಿ, “ಯಪ್ಪಾ, ಈ ಬಾಜೂಕ ಇನ್ನೂ ಧೂಳದ ನೋಡ್ರಿ,” ಎಂದೆ.

ಅಲ್ಲಿ ಧೂಳು ಇರಲಿಲ್ಲ. ಅಜ್ಜ ಒರೆಸಲು ಬಗ್ಗಿದ.